ದಾರಿ ಬಿಡಿಸಿದವನು

ಶವಪೆಟ್ಟಿಗೆಯ ಮೇಲೆ ಬಾಗಿ ನಿಂತು, ಗಂಡನ ಕೋಟಿಗೆ ಯಾರೋ ಚುಚ್ಚಿದ್ದ ಪಿನ್ನನ್ನು ಡೊಲೊರೆಸ್ ಬಿಚ್ಚುತ್ತಿದ್ದಳು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾದ ಕಿತ್ತಳೆ ಬಣ್ಣದ ಫುಟ್‌ಬಾಲ್ ಪಿನ್ನು. ಅದರ ಕೆಳಗೆ 1964 ಎಂದು ಕೆತ್ತಿತ್ತು. ನಿನ್ನೆ ಸಂಜೆ ಅದು ಅಲ್ಲಿರಲಿಲ್ಲ. ಬೆರಳಿನ ಗಂಟುಗಳು ಊದಿಕೊಂಡಿದ್ದರಿಂದ ಹಿಂದಿನ ತಿರುಪು ಕೈಗೆ ಸಿಗುತ್ತಿರಲಿಲ್ಲ.

"ಅದನ್ನ ಹಾಕಿದ್ದು ನಾನೇ, ಡೊಲೊರೆಸ್," ಎಂದು ಹಿಂದಿನಿಂದ ಸ್ಟಶ್ ಹೇಳಿದ. "ನಮ್ಮ ಟೀಮಿಂದು. ಇರ್ಲಿ ಬಿಡು, ಹಾಕ್ಕೊಂಡೇ ಹೋಗ್ಲಿ."

"ಅವ್ನ ಹತ್ರಾನೂ ಇಂಥದ್ದೊಂದು ಇತ್ತು, ಸ್ಟಶ್. ನದಿಗೆ ಎಸೆದ."

"ಮಿಲ್ಲು ಮುಚ್ಚಿದಾಗ ಎಸೆದಿರ್ತಾನೆ. ಆಗ ಎಲ್ರಿಗೂ ತಲೆ ಕೆಟ್ಟಿತ್ತು."

"ಯಾವಾಗಾದ್ರೂ ಆಗ್ಲಿ. ಎಸೆದದ್ದಂತೂ ಹೌದು."

ತಿರುಪು ಕಳಚಿತು. ಅವಳು ಪಿನ್ನನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು. ಸ್ಟಶ್ ಲಾಕ್‌ಟನ್ ಊರಿನ ಕ್ಷೌರದಂಗಡಿಯವನು. ನಲವತ್ತು ವರ್ಷ ಅವಳ ಗಂಡ ಜೋನ ತಲೆಗೂದಲು ಕತ್ತರಿಸಿದ್ದವನು. ಆದರೆ ಇವತ್ತು ಅವನು ಕ್ಷೌರದವನಾಗಿ ಬಂದಿರಲಿಲ್ಲ. ಐವತ್ತು ವರ್ಷಗಳ ಹಿಂದಿನ ಶಾಲಾ ಫುಟ್‌ಬಾಲ್ ತಂಡದ ನಾಯಕನಾಗಿ, ಅದೇ ಕಿತ್ತಳೆ ಬಣ್ಣದ ಟೈ ಕಟ್ಟಿಕೊಂಡು ಬಂದಿದ್ದ.

ಮಗಳು ಮಾರ್ಲೀನ್ ಹತ್ತಿರ ಬಂದು ತಾಯಿಯ ತೋಳು ಹಿಡಿದಳು. "ಮುಚ್ತಾರಂತಮ್ಮ. ಮುಟ್ತೀಯಾ ಒಂದ್ಸಲ?"

ಡೊಲೊರೆಸ್ ಗಂಡನ ಕೈ ಮುಟ್ಟಿದಳು. ಹಣೆ ಮುಟ್ಟಲಿಲ್ಲ. ತಲೆಯ ಹಿಂಭಾಗದಲ್ಲಿ, ದಿಂಬಿಗೆ ಒತ್ತಿದ ಕಡೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಹೊಲಿಗೆಯಿತ್ತು. ಅದು ಗೊತ್ತಿದ್ದದ್ದು ಇವರಿಬ್ಬರಿಗೆ ಮತ್ತು ಶವ ಸಿದ್ಧಪಡಿಸಿದವನಿಗೆ ಮಾತ್ರ. ಜೋ ಪಲೆಂಚಾರ್‌ನ ಮಿದುಳು ಆ ಪೆಟ್ಟಿಗೆಯಲ್ಲಿರಲಿಲ್ಲ. ನಾಲ್ಕು ದಿನಗಳ ಹಿಂದೆ ಅದು ಐಸಿನ ಡಬ್ಬಿಯಲ್ಲಿ ಪರೀಕ್ಷೆಗೆಂದು ಬೇರೊಂದು ಊರಿನ ಪ್ರಯೋಗಾಲಯಕ್ಕೆ ಹೋಗಿತ್ತು. ಕಾಗದಕ್ಕೆ ಡೊಲೊರೆಸಳೇ ಸಹಿ ಹಾಕಿದ್ದಳು.

ಹೊರಲು ಆರು ಜನ. ಆರೂ ಜನ ಆ ತಂಡದವರೇ.

*

ಮಣ್ಣು ಮಾಡಿ ಬರುವಷ್ಟರಲ್ಲಿ ಒಂದು ಗಂಟೆಯಾಗಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಉದ್ದನೆಯ ಮೇಜುಗಳನ್ನು ಹಾಕಿ, ಹೆಂಗಸರು ಕೋಸಿನೆಲೆಯಲ್ಲಿ ಸುತ್ತಿದ ಮಾಂಸ, ಬೆಣ್ಣೆ ಸುರಿದ ಹಲುಷ್ಕಿ ಶಾವಿಗೆ, ಅಕ್ರೋಟು ತುಂಬಿದ ರೊಟ್ಟಿಗಳನ್ನು ಇಟ್ಟಿದ್ದರು. ಗಂಡಸರು ಟೈ ಸಡಿಲಿಸಿ ಕೂತರು. ತಟ್ಟೆ ಅರ್ಧ ಖಾಲಿಯಾಗುವ ಮೊದಲೇ ಮಾತು ಎಲ್ಲಿಗೆ ಹೋಗಬೇಕೋ ಅಲ್ಲಿಗೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಅಮೆರಿಕನ್ ಫುಟ್‌ಬಾಲಿಗೆ, ಹೋಯಿತು.

"ಕೊವಾಲಿಕ್‌ನ ಬಿಟ್ರೆ ಇಲ್ಲ," ಎಂದ ಬುಚ್ ಯುರ್ಕೊ. ಆ ತಂಡದಲ್ಲಿ ಜೋನ ಪಕ್ಕದಲ್ಲೇ ನಿಲ್ಲುತ್ತಿದ್ದವನು, ಈಗ ಎರಡು ಊರುಗೋಲಿನವನು. "ಈ ಊರಲ್ಲಿ ಚೆಂಡು ಹಿಡ್ಕೊಂಡು ಓಡಿದವ್ನು ಅಂದ್ರೆ ಕೊವಾಲಿಕ್ಕೇ."

"ಅವ್ನು ಆಡಿದ್ದು ಐವತ್ತೊಂದ್ರಲ್ಲಿ, ಆಗ ನಿಂಗೆ ನಾಲ್ಕು ವರ್ಷ ಕಣೋ. ಏನ್ ನೋಡಿದ್ದೆ ನೀನು?" ಎಂದ ಎದುರಿಗೆ ಕೂತಿದ್ದವನು.

"ನಮ್ಮಪ್ಪನ ಹೆಗಲ ಮೇಲೆ ಕೂತು ನೋಡಿದೀನಿ. ಹಿಡಿಯೋಕೆ ಬಂದ ಮೂವರನ್ನ ಬೆನ್ನ ಮೇಲೆ ಹಾಕ್ಕೊಂಡೇ ಗೆರೆ ದಾಟಿದ. ಮೂವರನ್ನ!"

"ಹೋದ ವರ್ಷ ಹೇಳ್ದಾಗ ಇಬ್ರಿದ್ರು," ಎಂದ ಸ್ಟಶ್. ಮೇಜೆಲ್ಲ ನಕ್ಕಿತು.

"ಎಂಬತ್ತೆಂಟರ ಟೆರೆನ್ಸು?" ಎಂದು ಯಾರೋ ಕೇಳಿದರು.

"ವೇಗ ಇತ್ತಪ್ಪ, ಇಲ್ಲ ಅನ್ನಲ್ಲ. ಕೈ ಮಾತ್ರ ಬೆಣ್ಣೆ. ಅವನು ಜಾರಿಸಿದ ಚೆಂಡನ್ನ ಎತ್ತೋಕೇ ಇಬ್ರು ಬೇಕಾಗಿತ್ತು." ಸ್ಟಶ್ ಮುಷ್ಟಿಯಿಂದ ಮೇಜು ಗುದ್ದಿದ. "ವೆಂಡೆಲ್ ಟಾಲಿವರ್. ಮಾತು ಮುಗೀತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಆ ಕೆಸರಲ್ಲಿ, ಇನ್ನೂರ ಹನ್ನೊಂದು ಗಜ! ನಾನು ಚೆಂಡು ಅವನ ಕೈಗಿಟ್ಟು ತಲೆ ಎತ್ತೋದ್ರೊಳಗೆ ಅವನು ಮಾಯ. ಆಟ ಮುಗ್ದಾಗ ಅವನ ಅಂಗಿ ನೋಡಿದ್ರಾ? ಮದುವೆಗೆ ಹೋಗ್ಬಹುದಿತ್ತು. ಒಂದು ಚೂರು ಕೆಸರಿಲ್ಲ!"

ಡೊಲೊರೆಸ್ ಪಕ್ಕದ ಮೇಜಿನಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದಳು. ಆ ದಿನ ಜೋನ ಅಂಗಿಯ ಮೇಲಿನ ಅರವತ್ನಾಲ್ಕು ಎಂಬ ನಂಬರು ಕೆಸರಿನಲ್ಲಿ ಕಾಣದಷ್ಟು ಮುಚ್ಚಿಹೋಗಿತ್ತು. ವೆಂಡೆಲ್ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನು. ಜೋ ಅವನ ಮುಂದೆ ಓಡಿ, ಅಡ್ಡ ಬಂದವರನ್ನು ತಲೆಯಿಂದ ಗುದ್ದಿ ದಾರಿ ಬಿಡಿಸುವವನು. ಓಡಿದ ಗಜಗಳು ಮರುದಿನದ ಪೇಪರಿನಲ್ಲಿ ಬರುತ್ತಿದ್ದವು.

"ಅಪ್ಪನ್ನ ಕಳಿಸ್ಕೊಡೋಕೆ ಬಂದಿದಾರೋ, ಬಾರಿಗೆ ಬಂದಿದಾರೋ ಇವ್ರು?" ಎಂದು ಮಾರ್ಲೀನ್ ಹಲ್ಲು ಕಚ್ಚಿದಳು. "ಇಪ್ಪತ್ತು ನಿಮಿಷ ಆಯ್ತು. ಅಪ್ಪನ ಹೆಸ್ರು ಒಂದ್ಸಲ ಬಂತಾ?"

ಬುಚ್‌ಗೆ ಅದು ಕೇಳಿಸಿರಬೇಕು. ಕುರ್ಚಿಯನ್ನು ಇತ್ತ ತಿರುಗಿಸಿ, ಡೊಲೊರೆಸಳಿಗೆ ಹಿತವಾಗಲೆಂದೇ ದನಿ ಎತ್ತಿದ. "ನಮ್ಮ ಜೋ ಏನು ಕಮ್ಮೀನಾ? ಕೋಚ್ ಹೇಳ್ತಿದ್ದದ್ದು ಜ್ಞಾಪಕ ಇದ್ಯಾ? 'ಪಲೆಂಚಾರ್, ಹಣೆ ಮುಂದಿಡು ಮಗನೇ, ಮಿಕ್ಕಿದ್ದು ತಾನಾಗೇ ಹಿಂದೆ ಬರುತ್ತೆ!' ಕಬ್ಬಿಣದ ತಲೆ ಕಣ್ರಯ್ಯ ಅದು. ನೂರು ವರ್ಷ ಬಿಟ್ಟು ಅಗೆದು ನೋಡಿ, ಮಿಕ್ಕಿದ್ದೆಲ್ಲ ಮಣ್ಣಾಗಿರುತ್ತೆ, ಆ ತಲೆ ಮಾತ್ರ ಹಾಗೇ ಇರುತ್ತೆ!"

ಎಲ್ಲರೂ ನಕ್ಕರು. ಮಾರ್ಲೀನ್ ಎದ್ದಳು. ಡೊಲೊರೆಸ್ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು.

*

ಆ 1964ರಲ್ಲಿ ಡೊಲೊರೆಸಳಿಗೆ ಹದಿನೇಳು. ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದಳು. ಆ ಹಬ್ಬದ ಮಧ್ಯಾಹ್ನ ಆಟ ಗೆದ್ದ ಮೇಲೆ ಊರಿಗೆ ಊರೇ ವೆಂಡೆಲ್‌ನನ್ನು ಹೊತ್ತುಕೊಂಡು ಹೋಯಿತು. ಜೋ ಅವಳನ್ನು ಮನೆಗೆ ಬಿಡಲು ಜೊತೆಗೆ ನಡೆದ.

"ಇದು ಯಾವ ಬೀದಿ?" ಎಂದು ಕೇಳಿದ.

"ನೀನು ಹುಟ್ಟಿದ ಬೀದಿ," ಎಂದಳು.

ನಾಲ್ಕು ಮನೆ ದಾಟಿದ ಮೇಲೆ ಮತ್ತೆ ಕೇಳಿದ. ಸೇತುವೆಯ ಹತ್ತಿರ ಇನ್ನೊಮ್ಮೆ ಕೇಳಿದ. ಆಮೇಲೆ ಕಂಬಿಯ ಮೇಲಿಂದ ಬಾಗಿ ನದಿಗೆ ವಾಂತಿ ಮಾಡಿದ. ಗೆದ್ದ ಖುಷಿಗೆ ಹುಡುಗರೊಂದಿಗೆ ಬಿಯರ್ ಕುಡಿದಿದ್ದಾನೆ, ಈಗ ನನ್ನ ಹತ್ತಿರ ನಾಟಕವಾಡುತ್ತಿದ್ದಾನೆ ಎಂದುಕೊಂಡಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಗುವುದನ್ನು ಕಂಡು ಅವನೂ ನಕ್ಕ.

ಎರಡು ವರ್ಷದ ಮೇಲೆ ಮದುವೆಯಾಯಿತು. ಅವನು ಊರಿನ ಉಕ್ಕಿನ ಮಿಲ್ಲಿನ ಕಲ್ಲಿದ್ದಲ ಕುಲುಮೆಗಳಲ್ಲಿ ಹದಿನೆಂಟು ವರ್ಷ ದುಡಿದ. ಮಿಲ್ಲು ಮುಚ್ಚಿದ ಮೇಲೆ ಶಾಲೆಯ ಬಸ್ಸು ಓಡಿಸಿದ. ಯಾವ ಮಗು ಯಾವ ತಿರುವಿನಲ್ಲಿ ಹತ್ತುತ್ತದೆ, ಯಾವ ಮಗುವಿಗೆ ಕಿಟಕಿಯ ಪಕ್ಕವೇ ಬೇಕು, ಎಲ್ಲವೂ ಬಾಯಿಪಾಠವಾಗಿತ್ತು. ಹಿತ್ತಲಲ್ಲಿ ಖಾರದ ಮೆಣಸಿನಕಾಯಿ ಬೆಳೆದು, ಉಪ್ಪಿನೀರಿನಲ್ಲಿ ಹಾಕಿ, ಬೀದಿಯ ಪ್ರತಿ ಮನೆಗೂ ಒಂದೊಂದು ಬಾಟಲಿ ಕೊಡುತ್ತಿದ್ದ. ಫುಟ್‌ಬಾಲಿನ ಮಾತೆತ್ತಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ.

ಐವತ್ತಾರನೇ ವಯಸ್ಸಿನಲ್ಲಿ, ಒಂದು ಮಂಗಳವಾರ ಬೆಳಗ್ಗೆ, ಹದಿನಾಲ್ಕು ಮಕ್ಕಳನ್ನು ಕೂರಿಸಿಕೊಂಡು ನೇರ ಮಿಲ್ಲಿನ ಗೇಟಿಗೆ ಹೋಗಿ ಬಸ್ಸು ನಿಲ್ಲಿಸಿದ. ಅಲ್ಲಿ ಮಿಲ್ಲೂ ಇರಲಿಲ್ಲ, ಗೇಟೂ ಇರಲಿಲ್ಲ. ಹುಲ್ಲು ಬೆಳೆದ ಬಯಲಿತ್ತು. ಪೊಲೀಸರು ಬಂದಾಗ ಅವನು ಸ್ಟಿಯರಿಂಗ್ ಮೇಲೆ ಕೈಯಿಟ್ಟು, ಪಾಳಿಯ ಸೈರನ್ ಯಾವಾಗ ಕೂಗುತ್ತದೆಂದು ಕಾಯುತ್ತಿದ್ದ. ಹಿಂದೆ ಮಕ್ಕಳು ಅಳುತ್ತಿದ್ದರು.

ಮುಂದಿನ ಹತ್ತು ವರ್ಷಗಳಲ್ಲಿ ಅವಳು ಚಾಕುಗಳನ್ನು ಬಚ್ಚಿಟ್ಟಳು, ಬಾಗಿಲುಗಳಿಗೆ ಹೊರಗಿನಿಂದ ಚಿಲಕ ಹಾಕಿಸಿದಳು. ಒಂದು ಸಲ, ಯಾರೋ ಕಳ್ಳಿಯೆಂದು ತಿಳಿದು, ಅವನು ಅವಳ ದವಡೆಗೆ ಹೊಡೆದ. ಮರುದಿನ ಬೆಳಗ್ಗೆ ಊದಿದ ಮುಖವನ್ನು ಕಂಡು, "ಯಾವ ಬೋಳಿಮಗ ಹೊಡೆದದ್ದು, ಹೇಳು ನಂಗೆ," ಎಂದು ಕೋಟು ಹಾಕಿಕೊಂಡು ಹೊರಟು ನಿಂತ.

ತಲೆಗೆ ಎಂದಾದರೂ ಪೆಟ್ಟು ಬಿದ್ದಿತ್ತೇ ಎಂದು ಡಾಕ್ಟರು ಕೇಳಿದಾಗ ಡೊಲೊರೆಸ್ ಇಲ್ಲವೆಂದಳು. "ಅಮ್ಮ, ಫುಟ್‌ಬಾಲು," ಎಂದಳು ಮಾರ್ಲೀನ್. "ಅದು ಹುಡುಗನಾಗಿದ್ದಾಗ ಸ್ಕೂಲಲ್ಲಿ ಆಡಿದ್ದಲ್ವೇನೇ," ಎಂದು ಡೊಲೊರೆಸ್ ಹೇಳಿದಳು. ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಂತಿತು. ಅಂಥ ಪೆಟ್ಟುಗಳು ಎಷ್ಟೋ ವರ್ಷಗಳ ಮೇಲೆ ಮಿದುಳನ್ನು ಹೀಗೆ ಕೆಡಿಸಬಹುದು, ಖಚಿತವಾಗುವುದು ಸತ್ತ ಮೇಲೆ ಮಿದುಳನ್ನು ಪರೀಕ್ಷಿಸಿದರೆ ಮಾತ್ರ ಎಂದರು. ಆಗ ಅವಳಿಗೆ ಸೇತುವೆಯ ಕಂಬಿ ನೆನಪಾಯಿತು.

*

ಮೆಟ್ಟಿಲಿನ ಕಡೆ ಗದ್ದಲವೆದ್ದಿತು. ಬುಚ್ ಕೂಡ ಊರುಗೋಲು ಹುಡುಕಿ ಎದ್ದು ನಿಂತ. ಕ್ಲೀವ್‌ಲ್ಯಾಂಡಿನಿಂದ ಮೂರು ಗಂಟೆ ಕಾರು ಓಡಿಸಿಕೊಂಡು ವೆಂಡೆಲ್ ಟಾಲಿವರ್ ಬಂದಿದ್ದ. ಎತ್ತರದ ಕರಿಯ ಮನುಷ್ಯ, ಬಿಳಿಯ ಮೀಸೆ, ಎಡಗಾಲು ತುಸು ಕುಂಟು. ಯೂನಿವರ್ಸಿಟಿಯಲ್ಲಿ ಎರಡನೇ ವರ್ಷವೇ ಮಂಡಿ ಮುರಿದು ಆಟ ನಿಂತಿತ್ತು, ಓದು ನಿಲ್ಲಲಿಲ್ಲ. ಮೂವತ್ತು ವರ್ಷ ಮೇಷ್ಟರಾಗಿದ್ದ. ಬೆನ್ನು ತಟ್ಟುವವರ ನಡುವಿನಿಂದ ಬಿಡಿಸಿಕೊಂಡು ಅವನು ಡೊಲೊರೆಸಳ ಹತ್ತಿರ ಬಂದ.

"ಒಂದು ನಿಮಿಷ ಒಬ್ರೇ ಸಿಗ್ತೀರಾ?"

ಅಡುಗೆಕೋಣೆಗೆ ಹೋದರು. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ಆವತ್ತಿನ ಆಟ. ಕೊನೇ ಭಾಗ ಶುರುವಾದಾಗಲೇ ಜೋಗೆ ಬಲವಾದ ಪೆಟ್ಟು ಬಿದ್ದಿತ್ತು. ನಾವೆಲ್ಲ ಸುತ್ತ ನಿಂತಿದ್ವಿ. 'ಇವತ್ತು ಯಾರ ಜೊತೆ ಆಟ?' ಅಂತ ನನ್ನ ಕೇಳ್ದ. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು. ನಾನು ನೋಡ್ದೆ. ಸ್ಟಶ್ ನೋಡ್ದ. 'ಜೋ ಹಿಂದೇನೇ ಓಡು, ಯಾವ ಕಡೆ ನಿಲ್ಲಿಸಿದ್ರೂ ಗುದ್ತಾನೆ' ಅಂದ ಸ್ಟಶ್. ಹೆಗಲು ಹಿಡಿದು ತಿರುಗಿಸಿ ನಿಲ್ಸಿದ. ಒಂಬತ್ತು ಸಲ. ನನ್ನ ಆ ದೊಡ್ಡ ಓಟ ಒಂಬತ್ತನೇದು."

ಡೊಲೊರೆಸ್ ಕಾಫಿ ಲೋಟವನ್ನು ಪಾತ್ರೆ ತೊಟ್ಟಿಯಲ್ಲಿಟ್ಟಳು.

"ಮೇಲೆ ಗ್ಯಾಲರೀಲಿ ಯೂನಿವರ್ಸಿಟಿಯವರು ಮೂವರು ಕೂತಿದ್ರು, ನನ್ನ ಆಟ ನೋಡಿ ಸೀಟು ಕೊಡೋಕೆ ಅಂತ. ನಾನು ಕರಿಯ ಹುಡುಗ. ಜೋನ ಆಡಿಸಿ ಅಂದ ಕೋಚ್‌ಗೆ ಎದುರಾಡಿದ್ರೆ ಅವತ್ತಿಗೇ ನನ್ನ ಕತೆ ಮುಗೀತಿತ್ತು. ಕಾರಣ ಹೇಳ್ತಿದೀನಿ, ಅಷ್ಟೆ. ಅವನು ಬದುಕಿದ್ದಾಗ ಬಂದು ಹೇಳ್ಬೇಕಿತ್ತು."

"ಬಂದಿದ್ರೂ ನೀವ್ಯಾರು ಅಂತ ಗೊತ್ತಾಗ್ತಿರ್ಲಿಲ್ಲ," ಎಂದಳು. "ನಾನ್ಯಾರು ಅಂತಾನೇ ಗೊತ್ತಾಗ್ತಿರ್ಲಿಲ್ಲ."

ಅವನ ಕಣ್ಣು ಒದ್ದೆಯಾಯಿತು. ಅದನ್ನು ಒರೆಸಲು ತನ್ನ ಕರವಸ್ತ್ರ ಕೊಡಬೇಕೆಂದು ಅವಳಿಗೆ ಅನಿಸಲಿಲ್ಲ.

"ನಂಗೆ ಹೇಳಿ ಏನುಪಯೋಗ? ಅಲ್ಲಿ ಕೂತಿದಾರಲ್ಲ, ಅವ್ರಿಗೆ ಹೇಳಿ."

ಅವನು ಟೋಪಿಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ಅವಳು ಬಾಗಿಲಲ್ಲಿ ನಿಂತಳು.

"ಬಾರಪ್ಪ ಇನ್ನೂರ ಹನ್ನೊಂದು!" ಎಂದ ಸ್ಟಶ್. "ಕೂತ್ಕೊ. ಕೊನೇ ಓಟದ ಕತೆ ನಿನ್ನ ಬಾಯಿಂದ್ಲೇ ಬರ್ಲಿ."

ವೆಂಡೆಲ್ ಕೂರಲಿಲ್ಲ. ಪಾಠ ಹೇಳುವವನಂತೆ ಬೆರಳ ತುದಿಗಳನ್ನು ಮೇಜಿಗೆ ಊರಿ, ಅವಳಿಗೆ ಹೇಳಿದ್ದನ್ನೇ ಹೇಳಿದ. ಯಾರ ಜೊತೆ ಆಟವೆಂದು ಜೋ ಕೇಳಿದ್ದು, ಕಣ್ಣಿನ ಪಾಪೆ, ಒಂಬತ್ತು ಸಲ. "ನಮಗೆ ಗೊತ್ತಿತ್ತು," ಎಂದ. "ಗೊತ್ತಿದ್ದೂ ಅವನನ್ನ ನಿಲ್ಲಿಸಿದ್ವಿ."

ಸ್ಟಶ್ ತಟ್ಟೆಯಲ್ಲಿನ ರೊಟ್ಟಿಯ ಚೂರನ್ನು ನೋಡುತ್ತಿದ್ದ. ಅವನ ಕುತ್ತಿಗೆ ಕೆಂಪಾಯಿತು. ಈಗ ತಪ್ಪೊಪ್ಪಿಕೊಳ್ಳುತ್ತಾನೆ ಎಂದು ಡೊಲೊರೆಸ್ ಬಾಗಿಲ ಚೌಕಟ್ಟು ಹಿಡಿದಳು.

"ಹೌದು ಕಣ್ರೋ!" ಎಂದು ಸ್ಟಶ್ ತಲೆ ಎತ್ತಿದ. "ನಾನೇ ತಿರುಗಿಸಿ ನಿಲ್ಸಿದ್ದು! ಒಂದ್ಸಲ ನಮ್ಮ ಕಡೇನೇ ಮುಖ ಮಾಡಿ ನಿಂತಿದ್ದ, ನನ್ನನ್ನೇ ಗುದ್ದೋಕೆ ಬಂದ. 'ಆ ಕಡೆ ಜೋ, ಆ ಕಡೆ!' ಅಂದೆ. ತಿರುಗಿ ಹೋದವನು ಇಬ್ಬರನ್ನ ಉರುಳಿಸ್ದ! ತನ್ನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಇಬ್ಬರನ್ನ ಉರುಳಿಸ್ದ!"

"ಅದಪ್ಪ ಗಂಡಸು!" ಎಂದ ಬುಚ್. "ಈಗಿನ ಹುಡುಗರು ಉಗುರು ಮುರಿದ್ರೆ ಆಸ್ಪತ್ರೆಗೆ ಹೋಗ್ತಾರೆ."

ಮೇಜು ಸ್ಫೋಟಿಸಿದಂತೆ ನಕ್ಕಿತು. ಒಬ್ಬ ಕಣ್ಣೀರು ಒರೆಸಿಕೊಂಡ. ವೆಂಡೆಲ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸ್ಟಶ್ ಅವನ ಹೆಗಲ ಮೇಲೆ ಕೈಹಾಕಿ ಎಳೆದುಕೊಂಡ. ಹತ್ತು ಮುಖಗಳು ಪ್ರೀತಿಯಿಂದ ವೆಂಡೆಲ್‌ನನ್ನೇ ನೋಡುತ್ತಿದ್ದವು. ಐವತ್ತು ವರ್ಷಗಳಲ್ಲಿ ಬೇರೆ ಯಾವ ಊರೂ ಅವನನ್ನು ಹಾಗೆ ನೋಡಿರಲಿಲ್ಲ. ಒಂದು ಸಲ ಅವನು ಬಾಗಿಲ ಕಡೆ ಕಣ್ಣು ಹಾಯಿಸಿದ. ಆಮೇಲೆ ಅವನೂ ನಕ್ಕ.

"ಎದ್ದೇಳಿ, ಎದ್ದೇಳಿ. ಆ ಓಟ ಹೊರಗೆ ನಿಂತು ತೋರಿಸೇ ಬಿಡೋಣ!" ಎಂದು ಯಾರೋ ಕೂಗಿದರು. ಕುರ್ಚಿಗಳು ನೆಲ ಉಜ್ಜಿದವು. ಗಂಡಸರು ಗುಂಪಾಗಿ ಮೆಟ್ಟಿಲು ಹತ್ತಿದರು.

ಮಾರ್ಲೀನ್ ಮುಖ ಬಿಳಿಚಿ ನಿಂತಿದ್ದಳು. "ಹೇಳ್ಲಾ ಅಮ್ಮ ಅವರಿಗೆ? ಅಪ್ಪನ ತಲೇಲಿ ಏನೂ ಇಲ್ಲ, ಅದು ಎಲ್ಲಿ ಹೋಗಿದೆ ಅಂತ ಹೇಳ್ಲಾ?"

"ಬೇಡ," ಎಂದಳು ಡೊಲೊರೆಸ್. "ಅದನ್ನೂ ಕತೆ ಮಾಡ್ಕೊಳ್ತಾರೆ."

ಅವಳು ಒಳಗೆ ಹೋಗಿ ತೋಳು ಮಡಿಸಿ, ಪಾತ್ರೆ ತೊಳೆಯಲು ನಿಂತಳು. ನೆಲಮಾಳಿಗೆಯ ಆ ಕಿಟಕಿ ಹೊರಗಿನ ನೆಲದ ಮಟ್ಟಕ್ಕಿತ್ತು. ಕಾರು ನಿಲ್ಲಿಸುವ ಅಂಗಳದಲ್ಲಿ ಕಪ್ಪು ಬೂಟುಗಳಷ್ಟೇ ಕಾಣುತ್ತಿದ್ದವು. ಬೂಟುಗಳು ಅತ್ತಿತ್ತ ಸರಿದು, ತಳ್ಳಾಡಿ, ಒಂದು ಸಾಲಾದವು. ನಡುವೆ, ಜೋ ನಿಲ್ಲುತ್ತಿದ್ದ ಕಡೆ, ಒಬ್ಬರಷ್ಟು ಜಾಗ ಖಾಲಿ ಉಳಿಯಿತು. ಸ್ವಲ್ಪ ಹೊತ್ತು ಮಾತಾಯಿತು. ಆಮೇಲೆ ಯಾರೋ ಮಡಚುವ ಕಬ್ಬಿಣದ ಕುರ್ಚಿಯೊಂದನ್ನು ತಂದು ಬಿಡಿಸಿ, ಆ ಜಾಗದಲ್ಲಿ ಇಟ್ಟರು.

ಆಟ ಶುರುಮಾಡುವ ಅಂಕಿಗಳನ್ನು ಸ್ಟಶ್ ಕೂಗುವುದು ಗಾಜಿನಾಚೆಯಿಂದ ಮಂಕಾಗಿ ಕೇಳಿಸಿತು. ಬೂಟುಗಳು ಒಮ್ಮೆಲೇ ಮುಂದಕ್ಕೆ ಹೆಜ್ಜೆ ಹಾಕಿದವು. ಕುಂಟುವ ಒಂದು ಜೊತೆ ಬೂಟು ಹಿಂದಿನಿಂದ ಬಂದು, ಕುರ್ಚಿಯ ಪಕ್ಕದಲ್ಲೇ ತಿರುಗಿ, ನಿಧಾನವಾಗಿ ಓಡಿತು. ಯಾರದೋ ಕಾಲು ತಾಗಿ ಕುರ್ಚಿ ಸದ್ದು ಮಾಡುತ್ತ ಮುಂದಕ್ಕೆ ಮಗುಚಿ ಬಿತ್ತು. ಕೇಕೆ ಹಾಕುತ್ತ, ಚಪ್ಪಾಳೆ ತಟ್ಟುತ್ತ, ಬೂಟುಗಳೆಲ್ಲ ಕುಂಟುವ ಬೂಟಿನ ಹಿಂದೆ ಅಂಗಳದ ಆಚೆ ತುದಿಗೆ ಹೋದವು.

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಬಿದ್ದಲ್ಲೇ ಬಿದ್ದಿದ್ದ ಕುರ್ಚಿಯ ಹಿಂದಿನ ಎರಡು ಕಾಲುಗಳು ಗಾಳಿಯಲ್ಲಿದ್ದವು.