ಮೂರನೇ ಪಾಯಿಂಟಿನ ನಂಬರು

ಬಸ್ ಡಿಪೋದಲ್ಲಿ ವೈರ್‌ಲೆಸ್ ಸೆಟ್ಟುಗಳನ್ನು ರಿಪೇರಿ ಮಾಡುವ ಹೆಂಗಸನ್ನು ಬೀದಿಯವರೆಲ್ಲ ರೇಡಿಯೋ ಅಕ್ಕ ಎಂದೇ ಕರೆಯುತ್ತಿದ್ದರು. ಒಂಬತ್ತನೇ ವಯಸ್ಸಿನಲ್ಲಿ, ಸೋದರಮಾವ ಎಸೆಯಲೆಂದು ತೆಗೆದಿಟ್ಟ ಸೆಟ್ಟನ್ನು ಬಿಚ್ಚಿ, ಮೂರು ವಾರ ಅದರ ಮುಂದೆ ಕೂತು, ಕೊನೆಗೆ ಅದರೊಳಗಿಂದ ಯಾರೋ ಗಂಡಸು ಕೆಮ್ಮಿದ್ದನ್ನು ಕೇಳಿಸಿಕೊಂಡವಳು ಅವಳು. ಕೆಮ್ಮಿದವನು ಯಾವ ಊರಿನವನೋ ಗೊತ್ತಾಗಲಿಲ್ಲ. ಅವತ್ತು ಹಿಡಿದ ಹುಚ್ಚು ಮಾತ್ರ ಐವತ್ತೊಂದಾದರೂ ಬಿಟ್ಟಿರಲಿಲ್ಲ. ಮಹಡಿ ಮೇಲಿನ ಆಂಟೆನಾ ತಂತಿಗೆ ಗಂಡ ಮರೆತು ಒದ್ದೆ ಬನಿಯನ್ ಒಣಹಾಕಿದರೆ ಆ ದಿನ ಮನೆ ರಣರಂಗ.

ಓಟ ಬಂದದ್ದು ತಡವಾಗಿ. ಸಕ್ಕರೆ ಕಾಯಿಲೆ ಹೊಸ್ತಿಲ ತನಕ ಬಂದಿದೆ ಎಂದು ಡಾಕ್ಟರು ಬೈದು ಕಳಿಸಿದ ಮರುದಿನ, ಎದುರುಸಾಲಿನ ಟೈಲರಮ್ಮ ಅವಳನ್ನು ಹಾಸಿಗೆಯಿಂದಲೇ ಎಬ್ಬಿಸಿಕೊಂಡು ಹೋಗಿದ್ದಳು. ಟೈಲರಮ್ಮ ಎಂಟು ವರ್ಷ ಚಿಕ್ಕವಳು, ಒಂಟಿ ಜೀವ, ಹಗಲೆಲ್ಲ ಹೊಲಿಗೆ ಮಿಷನ್ ತುಳಿಯುವವಳು. "ತುಳಿದೂ ತುಳಿದೂ ಕಾಲು ಒಂದೇ ಜಾಗದಲ್ಲಿರುತ್ತೆ ಅಕ್ಕ, ಬೆಳಿಗ್ಗೆಯಾದ್ರೂ ಅದಕ್ಕೆ ನಾಲ್ಕು ಊರು ತೋರಿಸೋಣ" ಎನ್ನುತ್ತಿದ್ದಳು. ಐದು ವರ್ಷ ಇಬ್ಬರೂ ಕಾಲುವೆ ದಂಡೆಯ ಮೇಲೆ ಜೊತೆಯಾಗಿ ಓಡಿದರು. ಏದುಸಿರಿನ ನಡುವೆಯೂ ಟೈಲರಮ್ಮನ ಬಾಯಿಗೆ ಬಿಡುವಿರಲಿಲ್ಲ. ಯಾರ ಸೊಂಟ ಎಷ್ಟು ಇಂಚು ಹೆಚ್ಚಾಯಿತು ಎಂಬ ಗುಟ್ಟುಗಳೆಲ್ಲ ಅಕ್ಕನಿಗೆ ಗೊತ್ತಿದ್ದವು.

ಕಳೆದ ವರ್ಷದಿಂದ ಆ ಮಾತುಗಳಲ್ಲಿ ಅರ್ಧ ಅಕ್ಕನಿಗೆ ತಲುಪುತ್ತಿರಲಿಲ್ಲ. ಅವಳು ಮೆಲ್ಲನೆ ಜಾಗ ಬದಲಾಯಿಸಿ, ಟೈಲರಮ್ಮ ತನ್ನ ಬಲಕ್ಕೆ ಬರುವ ಹಾಗೆ ನೋಡಿಕೊಂಡಳು. ಯಾಕೆ ಎಂದು ಕೇಳಿದ್ದಕ್ಕೆ "ಕಣ್ಣಿಗೆ ಬಿಸಿಲು ಹೊಡೆಯುತ್ತೆ ಕಣೇ" ಎಂದಳು. ಯಾರಿಗೂ ಹೇಳದೆ ಒಂದು ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಕಿವಿ ಪರೀಕ್ಷೆಯನ್ನೂ ಮಾಡಿಸಿಕೊಂಡು ಬಂದಳು. ಎಡಗಿವಿ ಮುಕ್ಕಾಲು ಪಾಲು ಹೋಗಿದೆ, ಬಲಗಿವಿಯೂ ಅದೇ ದಾರಿ ಹಿಡಿದಿದೆ, ಒಂದೇ ತರಹದ ಪದಗಳು ಕಲಸಿಕೊಳ್ಳುತ್ತವೆ, ಕಿವಿಗೆ ಮಿಷನ್ ಹಾಕಿಕೊಳ್ಳಿ ಎಂದರು. ಅಕ್ಕ ಆ ಕಾಗದವನ್ನು ಬೆಸುಗೆ ಸಾಮಾನಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಅವಳು ಸೇರಿದ್ದ ಹವ್ಯಾಸಿ ರೇಡಿಯೋ ಕ್ಲಬ್ಬಿನಲ್ಲಿ ಎಂಥ ಗದ್ದಲದಲ್ಲೂ ಕ್ಷೀಣ ದನಿಯನ್ನು ಹೆಕ್ಕಿ ತೆಗೆಯುವವಳು ಎಂದೇ ಅವಳಿಗೆ ಹೆಸರಿತ್ತು. ಆ ಕಿವಿಯೇ ಹೋದರೆ ತಾನು ಯಾರು ಎಂಬ ಪ್ರಶ್ನೆಯನ್ನು ಅವಳಿಗೆ ಎದುರಿಸಲೂ ಆಗಲಿಲ್ಲ.

ಆ ವರ್ಷದ ಬೆಟ್ಟದ ಓಟ ಇಪ್ಪತ್ತೊಂದು ಕಿಲೋಮೀಟರಿನದು. ಬೆಟ್ಟದ ಹಿಂದೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ದಾರಿಯಲ್ಲಿ ನಾಲ್ಕು ಪಾಯಿಂಟುಗಳನ್ನು ಮಾಡಿ, ಒಂದೊಂದರಲ್ಲೂ ಕ್ಲಬ್ಬಿನ ಒಬ್ಬರನ್ನು ವೈರ್‌ಲೆಸ್ ಸೆಟ್ಟಿನೊಂದಿಗೆ ಕೂರಿಸಿದ್ದರು. ದಾಟಿದ ಓಟಗಾರರ ಎದೆಯ ಮೇಲಿನ ನಂಬರನ್ನು ಅವರು ಹೇಳಬೇಕು, ಓಟ ಶುರುವಾಗಿ ತಿರುಗಿ ಬಂದು ಮುಗಿಯುವ ಜಾಗದ ಡೇರೆಯಲ್ಲಿ ಕೂತ ಅಕ್ಕ ಅದನ್ನು ತಿರುಗಿ ಹೇಳಿ, ಆ ಕಡೆಯಿಂದ ಹೌದು ಎಂದ ಮೇಲೆ ಪಟ್ಟಿಯಲ್ಲಿ ಗುರುತು ಹಾಕಬೇಕು. ಓಡಬೇಕೆಂಬ ಆಸೆ ಅವಳಿಗೂ ಇತ್ತು. ಆದರೆ ಮುಖ್ಯ ಸೆಟ್ಟಿಗೆ ಬೇರೆ ಯಾರು ಎಂದು ಕ್ಲಬ್ಬಿನ ಕಾರ್ಯದರ್ಶಿ ಕೇಳಿದಾಗ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಟೈಲರಮ್ಮ ತನ್ನ ನಂಬರನ್ನು ತಾನೇ ಅಂಗಿಗೆ ಹೊಲಿದುಕೊಂಡು ಬಂದಿದ್ದಳು. ಎಂಬತ್ತೇಳು.

ಮೂರನೇ ಪಾಯಿಂಟಿನಲ್ಲಿದ್ದವರು ಅಂಚೆ ಮಾಮ, ಎಪ್ಪತ್ತು ದಾಟಿದ ನಿವೃತ್ತ ಪೋಸ್ಟ್‌ಮ್ಯಾನ್. ಅವರ ಕಡೆ ಗಾಳಿ ಜೋರಾಗಿತ್ತು. ಅಕ್ಕ ಸಾಲಾಗಿ ನಾಲ್ಕು ನಂಬರಿಗೆ "ಇನ್ನೊಮ್ಮೆ ಹೇಳಿ" ಎಂದಳು. ಐದನೆಯದಕ್ಕೂ ಕೇಳಿದಾಗ ಮಾಮ ನಕ್ಕುಬಿಟ್ಟರು. "ಏನಮ್ಮ, ಇವತ್ತು ಕಿವೀನ ಮನೇಲೇ ಬಿಟ್ಟು ಬಂದ್ಯಾ?"

ಅದೇ ತರಂಗದಲ್ಲಿದ್ದ ಉಳಿದ ಮೂರು ಪಾಯಿಂಟಿನವರಿಗೂ ಅದು ಕೇಳಿಸಿತು. ಯಾರೋ ಗುಂಡಿ ಒತ್ತಿ ನಗು ಸೇರಿಸಿದರು. ಅಕ್ಕನ ಮುಖ ಕೆಂಪಾಯಿತು. ಮುಂದಿನ ನಂಬರು ಬಂದಾಗ "...ತ್ತೇಳು" ಎಂಬ ಬಾಲವಷ್ಟೇ ಅವಳಿಗೆ ಸಿಕ್ಕಿತು. ಎಪ್ಪತ್ತೇಳೋ, ಎಂಬತ್ತೇಳೋ. ಟೈಲರಮ್ಮ ಬರುವ ಹೊತ್ತು ಅದೇ ಆಗಿತ್ತು. ಅಕ್ಕ ನಂಬರನ್ನು ತಿರುಗಿ ಹೇಳಲಿಲ್ಲ. "ಸರಿ, ಬರ್ಕೊಂಡೆ" ಎಂದು ಎಂಬತ್ತೇಳರ ಮುಂದೆ ಗುರುತು ಹಾಕಿದಳು.

ಒಂಬತ್ತೂವರೆಯಾದರೂ ಎಂಬತ್ತೇಳು ನಾಲ್ಕನೇ ಪಾಯಿಂಟಿಗೆ ಬರಲಿಲ್ಲ. ಮೂರಕ್ಕೂ ನಾಲ್ಕಕ್ಕೂ ನಡುವೆ ಎಲ್ಲೋ ಸಿಕ್ಕಿಕೊಂಡಿದ್ದಾಳೆ ಎಂದು ಕಾರ್ಯದರ್ಶಿ ಆರು ಜನರನ್ನು ಆ ಕಡೆ ಕಳಿಸಿದರು. ಅವರು ಪೊದೆ ಪೊದೆ ಜಾಲಾಡಿದರು. ಅಕ್ಕನ ಕಣ್ಣು ಪಟ್ಟಿಯ ಮೇಲೆ ಓಡಾಡುತ್ತಿತ್ತು. ಹತ್ತೂಕಾಲಿಗೆ ಅದು ಒಂದು ಖಾಲಿ ಚೌಕದ ಮೇಲೆ ನಿಂತಿತು. ಎಪ್ಪತ್ತೇಳರವನು ಓಟ ಮುಗಿಸಿ, ಡೇರೆಯ ಹೊರಗೆ ಕಾಲು ಚಾಚಿ ಕೂತು ನೀರು ಕುಡಿಯುತ್ತಿದ್ದ. ಅವನ ನಂಬರಿನ ಮುಂದೆ ಮೂರನೇ ಪಾಯಿಂಟಿನ ಗುರುತೇ ಇರಲಿಲ್ಲ.

ಎಂಬತ್ತೇಳರ ಮುಂದೆ ಹಾಕಿದ ಗುರುತು ಅವನದು. ಅವಳು ಗುಂಡಿ ಒತ್ತಿ ಹೇಳಿದಳು: "ಮೂರನೇ ಪಾಯಿಂಟಿಂದ ಬಂದ ನಂಬರಲ್ಲಿ ಅನುಮಾನ ಇದೆ. ಎರಡಕ್ಕೂ ಮೂರಕ್ಕೂ ಮಧ್ಯೆ ಹುಡುಕಿ." ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅನುಮಾನ ಯಾರದು, ತಪ್ಪು ಯಾರದು ಎಂದು ಅವಳು ಹೇಳಲಿಲ್ಲ.

ಟೈಲರಮ್ಮ ಸಿಕ್ಕಾಗ ಹನ್ನೊಂದೂಕಾಲು. ಎರಡನೇ ಪಾಯಿಂಟು ದಾಟಿದ ಸ್ವಲ್ಪ ಹೊತ್ತಿಗೇ ಅಂಚಿನ ಮಣ್ಣು ಜರಿದು ಕೆಳಕ್ಕೆ ಉರುಳಿ, ತಲೆಗೆ ಏಟು ಬಿದ್ದು ಎಚ್ಚರ ತಪ್ಪಿದ್ದಳು. ಎಚ್ಚರವಾಗುವ ಹೊತ್ತಿಗೆ ಕೊನೆಯವರೂ ಮೇಲಿನ ದಾರಿ ದಾಟಿ ಹೋಗಿಯಾಗಿತ್ತು. ಗಂಟಲು ಹರಿಯುವ ತನಕ ಕೂಗಿದ್ದಳು. ಬಲಗಾಲಿನ ಹರಡು ಎರಡು ಕಡೆ ಮುರಿದಿತ್ತು. ಬಿಸಿಲಿನಲ್ಲಿ ಅಷ್ಟು ಹೊತ್ತು ಊದಿಕೊಂಡು ಬಿದ್ದಿದ್ದರಿಂದ ಎರಡು ಸಲ ಆಪರೇಷನ್ ಮಾಡಬೇಕಾಯಿತು. ಬೇಗ ತಂದಿದ್ದರೆ ಒಂದರಲ್ಲೇ ಮುಗಿಯುತ್ತಿತ್ತೇನೋ ಎಂದು ಡಾಕ್ಟರು ಕಾರ್ಯದರ್ಶಿಗೆ ಹೇಳಿದ್ದನ್ನು ಅಕ್ಕ ಬಲಗಿವಿಯಲ್ಲಿ ಸ್ಪಷ್ಟವಾಗಿಯೇ ಕೇಳಿಸಿಕೊಂಡಳು.

ವಾರ್ಡಿನಲ್ಲಿ ಟೈಲರಮ್ಮ ಅವಳ ಕೈ ಹಿಡಿದುಕೊಂಡು, "ನೀನು ಸೆಟ್ಟಿನ ಮುಂದೆ ಇದೀಯ ಅನ್ನೋದೇ ಧೈರ್ಯ ಆಗಿತ್ತಕ್ಕ. ಅಕ್ಕ ಬಿಡಲ್ಲ, ಹುಡುಕಿಸ್ತಾಳೆ ಅಂತ ಅನ್ಕೋತಾ ಮಲಗಿದ್ದೆ" ಎಂದಳು. ಅಕ್ಕ ಕಿತ್ತಳೆ ಸುಲಿಯುತ್ತ ಕೂತಳು. ಸುಲಿದದ್ದನ್ನು ಯಾರೂ ತಿನ್ನಲಿಲ್ಲ.

ಹತ್ತು ದಿನವಾದ ಮೇಲೆ ಒಂದು ಸಂಜೆ ಅಂಚೆ ಮಾಮ ಅವಳ ಮನೆಗೆ ಬಂದರು. ಕ್ಲಬ್ಬಿನ ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು.

"ಇದನ್ನ ನೀನೇ ಕಾರ್ಯದರ್ಶಿಗೆ ಕೊಟ್ಟುಬಿಡಮ್ಮ. ನನ್ನ ನಾಲಿಗೆ ತೊದಲ್ತಿದೆ ಅಂತ ಎಲ್ರೂ ಮಾತಾಡ್ಕೋತಿದಾರೆ. ಇರಬಹುದು. ಎಪ್ಪತ್ತೇಳು ಅಂತಲೇ ಅಂದೆ ಅನ್ಸುತ್ತೆ, ಆದ್ರೆ ಈಗ ಪ್ರಮಾಣ ಮಾಡಿ ಹೇಳಕ್ಕಾಗಲ್ಲ. ಮನೇಲಿ ಸೊಸೆ ಹತ್ರ ನಂಬರು ಹೇಳಿ ಹೇಳಿ ನೋಡ್ತಿದೀನಿ."

ಅಕ್ಕ ಒಳಗೆ ಹೋಗಿ ಬೆಸುಗೆ ಸಾಮಾನಿನ ಡಬ್ಬಿ ತಂದಳು. ಕಾಗದ ಬಿಚ್ಚಿ ಅವರ ಮುಂದಿಟ್ಟಳು. ಮಾಮ ಕನ್ನಡಕ ಏರಿಸಿ ಓದಿದರು. ತಾರೀಖಿನ ಮೇಲೆ ಬೆರಳಿಟ್ಟು ತಿಂಗಳು ಎಣಿಸಿದರು.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಮಾಮ. ನೀವು ಹೇಳಿದ್ದು ಸರಿಯಾಗೇ ಇತ್ತು. ನಂಗೇ ಕೇಳಿಸ್ಲಿಲ್ಲ. ಇನ್ನೊಂದ್ಸಲ ಕೇಳಕ್ಕೆ ನಾಚಿಕೆ ಆಯ್ತು."

ಕಾಫಿ ಹಿಡಿದು ಬಂದ ಗಂಡ ಬಾಗಿಲಲ್ಲೇ ನಿಂತುಬಿಟ್ಟ. ಮಾಮ ಕಾಗದವನ್ನು ಮಡಚಿ ಅವಳ ಕಡೆ ತಳ್ಳಿದರು. ಆಮೇಲೆ ಸೆಟ್ಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡರು. "ಹತ್ತು ದಿನ ನಾನು ಅನ್ನ ನೆಟ್ಟಗೆ ಉಂಡಿಲ್ಲ ಕಣಮ್ಮ" ಎಂದಷ್ಟೇ ಹೇಳಿ, ಕಾಫಿ ಮುಟ್ಟದೆ ಮೆಟ್ಟಿಲಿಳಿದರು. ಅವತ್ತೇ ಅಕ್ಕ ಕಾರ್ಯದರ್ಶಿಗೆ ಎಲ್ಲವನ್ನೂ ಬರೆದು ಕೊಟ್ಟಳು. ಮುಖ್ಯ ಸೆಟ್ಟಿನ ಕೆಲಸ ಮಾಮನ ಪಾಲಾಯಿತು.

ಟೈಲರಮ್ಮನಿಗೆ ಹೇಳಲು ಇನ್ನೂ ಎರಡು ದಿನ ಬೇಕಾಯಿತು. ಅವಳು ದಿಂಬಿಗೊರಗಿ ಪೂರ್ತಿ ಕೇಳಿದಳು. ಅಳಲಿಲ್ಲ, ಕಿರುಚಲಿಲ್ಲ.

"ಬಿಸಿಲು ಕಣ್ಣಿಗೆ ಹೊಡೆಯುತ್ತೆ ಅಂದೆಯಲ್ಲ, ಅವತ್ತೇ ಹೇಳಿದ್ರೆ ನಾನೇನು ನಗ್ತಿದ್ನಾ ಅಕ್ಕ?"

"ನಗ್ತಿರ್ಲಿಲ್ಲ."

"ಕಿವಿ ಹೋಗೋದು ಯಾರ ತಪ್ಪೂ ಅಲ್ಲ. ಕೇಳಿಸ್ತು ಅಂತ ಬರ್ಕೊಂಡೆಯಲ್ಲ, ಅದು." ಅವಳು ಗೋಡೆಯ ಕಡೆ ತಿರುಗಿದಳು. "ಈಗ ಹೋಗು."

ನಾಲ್ಕು ತಿಂಗಳ ಮೇಲೆ ಟೈಲರಮ್ಮ ಕೋಲೂರಿಕೊಂಡು ಓಡಾಡತೊಡಗಿದಳು. ಓಟದ ಮಾತು ಇನ್ನಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಮಿಷನ್ ತುಳಿಯಲೂ ಬಲಗಾಲು ಬಾರದು. ಅಕ್ಕ ಎರಡೂ ಕಿವಿಗೆ ಮಿಷನ್ ಹಾಕಿಕೊಂಡಿದ್ದಳು. ಹೊಲಿಗೆ ಮಿಷನ್ನಿಗೆ ಒಂದು ಚಿಕ್ಕ ಮೋಟಾರನ್ನೂ, ಎಡಗಾಲಿಗೆ ಸಿಗುವ ಹಾಗೆ ಸ್ವಿಚ್ಚನ್ನೂ ಕೂರಿಸಿ ಕೊಡುತ್ತೇನೆಂದು ಗಂಡನ ಕೈಲಿ ಹೇಳಿ ಕಳಿಸಿದಳು. ಬರಲಿ ಎಂದು ಉತ್ತರ ಬಂತು.

ಒಂದಿಡೀ ಭಾನುವಾರ ಅವಳು ಮೇಜಿನ ಕೆಳಗೆ ಕೂತು ತಂತಿ ಬಿಗಿದಳು. ಅಕ್ಕ ಕತ್ತರಿ ಕೇಳಿದಾಗ ಟೈಲರಮ್ಮ ಕೊಟ್ಟಳು, ಅದಕ್ಕಿಂತ ಹೆಚ್ಚು ಮಾತಿಲ್ಲ. ಸಂಜೆ ಟೈಲರಮ್ಮ ಸ್ವಿಚ್ ಒತ್ತಿ ಒಂದು ತುಂಡು ಬಟ್ಟೆ ಹೊಲಿದು, ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಚೆನ್ನಾಗಿದೆ." ಆಮೇಲೆ ಕೇಳಿದಳು, "ಬೆಳಿಗ್ಗೆ ಓಡಕ್ಕೆ ಹೋಗ್ತೀಯಂತೆ?"

"ಹೋಗ್ತೀನಿ. ಬಿಡಕ್ಕಾಗ್ತಿಲ್ಲ."

"ಬಿಡಬೇಡ. ಆದ್ರೆ ಈ ಬೀದೀಲಿ ಬೇಡ ಅಕ್ಕ. ನಿನ್ನ ಹೆಜ್ಜೆ ಸದ್ದು ನಂಗೆ ಗುರುತು ಸಿಗುತ್ತೆ, ಎಚ್ಚರ ಆಗುತ್ತೆ. ಆಮೇಲೆ ನಿದ್ದೆ ಬರಲ್ಲ."

ಅಕ್ಕ ಸಾಮಾನುಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದಳು. ಮಾರನೇ ದಿನದಿಂದ ಅವಳು ಹಿತ್ತಲ ಓಣಿಯಿಂದ ಕಾಲುವೆಗೆ ಹೋಗತೊಡಗಿದಳು. ಅದು ಅರ್ಧ ಕಿಲೋಮೀಟರು ಸುತ್ತು, ಗುಂಡಿಗಳು ಬೇರೆ, ನಾಯಿಗಳು ಬೇರೆ.