ಹಳದಿ ಹಲಗೆಗಳು

ಒರೆಸುವ ಕಡ್ಡಿ ಬಸ್ಸಿನ ಮುಂಗಾಜಿನ ಮೇಲೆ ಹೋಗಿಬಂದಾಗಲೆಲ್ಲ ಮಕ್ಕಳ ಬೆನ್ನುಗಳು ಅಳಿಸಿಹೋಗಿ ಮತ್ತೆ ಮೂಡುತ್ತವೆ, ಒಂದರ ಹಿಂದೊಂದು, ಕಬ್ಬಿಣದ ಕಂಬಿ ಹಿಡಿದುಕೊಂಡು, ಮಕ್ಕಳು ಇಳಿದು ನಡೆದು ದಾಟಬೇಕು, ಆಮೇಲೆ ಖಾಲಿ ಬಸ್ಸು, ಈ ಸೇತುವೆಗೆ ಅದೇ ಕಟ್ಟಳೆ, ವರ್ನಾ ಹುಡುಗಿಯಾಗಿದ್ದಾಗಲೂ ಹೀಗೆಯೇ ನಡೆದವಳು, ಆಗ ಬಸ್ಸು ಓಡಿಸುತ್ತಿದ್ದ ಮುದುಕ ಕೂಗುತ್ತಿದ್ದ, ನಡೀರಿ ನಡೀರಿ, ಬಿದ್ರೆ ನಾನೊಬ್ನೇ ಬೀಳ್ತೀನಿ, ನನ್ನ ಹೆಂಡ್ತಿ ಪ್ರಾರ್ಥನೆ ಫಲಿಸುತ್ತೆ — ಎಲ್ಲರೂ ನಗುತ್ತಿದ್ದರು, ಈಗ ಆ ಸೀಟಿನಲ್ಲಿ ತಾನು ಕೂತಿದ್ದಾಳೆ, ಆ ಮಾತು ಮಾತ್ರ ಆಡುವುದಿಲ್ಲ, ಕೆಳಗೆ ಹೆರನ್ ನದಿಯ ಮಂಜುಗಡ್ಡೆ ಒಡೆದಿದೆ, ಬಾಗಿಲಷ್ಟಗಲದ ತುಂಡುಗಳು ಕಲ್ಲಿನ ಕಂಬಕ್ಕೆ ಬಂದು ಗುದ್ದುತ್ತಿವೆ, ಇವತ್ತು ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ, ಸೇತುವೆ ಉಳಿಸುವುದೋ ಕೆಡವುವುದೋ, ಅದಕ್ಕೇ ಮೊನ್ನೆ, ಉಳಿಸಬೇಕೆನ್ನುವವರ ಪರವಾಗಿ, ಮಿಸೆಸ್ ಹಾಲ್ವರ್ಸನ್ ತಾನೇ ಬೇಯಿಸಿದ ಸೇಬಿನ ಪೈ ಹಿಡಿದು ಬಂದಿದ್ದಳು, ನೂರು ವರ್ಷದ್ದು ಕಣೇ ವರ್ನಾ, ಇಂಥಾದ್ದು ಈ ಸೀಮೇಲೇ ಇನ್ನೊಂದಿಲ್ಲ, ಗಂಡನ್ನ ಕಳ್ಕೊಂಡ ನೀನೇ ಸೇತುವೆ ಇರ್ಲಿ ಅಂದ್ರೆ ಇನ್ಯಾರು ತುಟಿ ಪಿಟಕ್ ಅಂತಾರೆ — ಪೈಯನ್ನು ವರ್ನಾ ನಿಂತುಕೊಂಡೇ ತಿಂದಳು, ಹೇಳಬೇಕೆಂದಿದ್ದು ಒಂದೇ, ಕೆಡವಿಬಿಡಿ, ಒಂದು ಮೊಳೆಯೂ ಉಳಿಯದ ಹಾಗೆ, ಆದರೆ ಮನೆಯಲ್ಲಿ ಮಾರ್ಲಿಸ್ ಇದ್ದಾಳೆ, ಹತ್ತು ವರ್ಷದ ಮಗಳು, ಸೇತುವೆ ತೆಗೆದ್ರೆ ಅಪ್ಪನ್ನ ನೋಡೋಕೆ ಎಲ್ಲಿಗೆ ಹೋಗ್ಲಿ ಅನ್ನುತ್ತಾಳೆ, ಅಪ್ಪ ಚರ್ಚಿನ ಹಿಂದೆ ಮಲಗಿದ್ದಾರಲ್ಲ ಪುಟ್ಟಾ, ಅಲ್ಲಿ ಬರೀ ಕಲ್ಲಿದೆ ಅಮ್ಮ.

ಗಂಡ ಎಲ್ಡನ್ ಹಲಗೆ ಮುರಿದು ಜೋಳದ ಲಾರಿ ಸಮೇತ ನದಿಗೆ ಹೋದದ್ದು ಕಳೆದ ಸುಗ್ಗಿಯಲ್ಲಿ, ಸೇತುವೆಯ ಬಾಯಲ್ಲಿ ಭಾರದ ಮಿತಿ ಬರೆದ ತಗಡಿನ ತುಂಬ ಗುಂಡಿನ ತೂತು, ಕೆಲವು ಅವನೇ ಹೊಡೆದವು, ಮದುವೆಗೆ ಮುಂಚೆ ತೋರಿಸಿ ಮೀಸೆ ತಿರುವಿದ್ದ, ಅಂಕಿ ಹಾರಿಹೋದರೇನು, ಅದು ಯಾರಿಗೆ ಗೊತ್ತಿರಲಿಲ್ಲ, ಎಲ್ಲರೂ ದಾಟುತ್ತಿದ್ದರು, ನಮ್ಮಪ್ಪ ದಾಟಿಲ್ವೇನೆ, ಅವರಪ್ಪ ದಾಟಿಲ್ವೇನೆ, ಸುತ್ತಿ ಹೋದ್ರೆ ಕತ್ತಲಾಗುತ್ತೆ, ಅನ್ನುತ್ತಿದ್ದ — ಚೆಲ್ಲಿದ ಜೋಳಕ್ಕೆ ವಾರಗಟ್ಟಲೆ ಬಾತುಗಳು ಬಂದವು, ತಿಂದು ತಿಂದು ಕೊಬ್ಬಿದವು, ಮುರಿದ ಜಾಗಕ್ಕೆ ಹೊಸ ಹಲಗೆ ಬಡಿದರು, ಬೂದು ಹಲಗೆಗಳ ನಡುವೆ ಹಳದಿ ಹಲಗೆಗಳು, ಕಟ್ಟಿಸಿದ ಹಲ್ಲಿನ ಹಾಗೆ, ಮಕ್ಕಳು ಅವನ್ನು ಹಾರಿ ದಾಟುತ್ತಾರೆ, ಹಳದಿ ತುಳಿದೋರು ಸತ್ತೋರು, ಅದು ಅವರ ಆಟ, ಮಾರ್ಲಿಸ್, ಅವಳೂ ಇದೇ ಬಸ್ಸಿನವಳು, ಅವಳು ಮಾತ್ರ ದಿನವೂ ಅಲ್ಲೇ ಕಾಲಿಡುತ್ತಾಳೆ, ಇವತ್ತು ಇಟ್ಟವಳು ಎತ್ತಲಿಲ್ಲ, ಉಳಿದವರೆಲ್ಲ ಆಚೆ ದಡ ಸೇರಿದರೂ ಹಳದಿಯ ಮೇಲೆ ನಿಂತೇ ಇದ್ದಾಳೆ, ಹಾರನ್ ಹೊಡೆದರೆ ತಿರುಗಿಯೂ ನೋಡಳು, ವರ್ನಾ ಇಳಿದಳು, ಎಲ್ಡನ್ ಬಿದ್ದಂದಿನಿಂದ ಈ ಸೇತುವೆಗೆ ಕಾಲು ಸೋಕಿಸಿದವಳಲ್ಲ, ದಾಟಿದ್ದೆಲ್ಲ ಬಸ್ಸಿನಲ್ಲಿ ಕೂತು, ನೇರ ಮುಂದೆ ನೋಡಿಕೊಂಡು, ಅಷ್ಟೆ, ಈಗ ಬೂದು ಹಲಗೆ ಬೂಟಿನಡಿ ಬಾಗುತ್ತದೆ, ಬಾಗಿ ಮೊಳೆ ಎತ್ತುತ್ತದೆ, ಸಂದಿನಲ್ಲಿ ನೀರು, ಆಚೆ ದಡದಿಂದ ಒಬ್ಬ ಹುಡುಗ ಅವಳನ್ನು ಕೂಗಿದ, ಮಿಸೆಸ್ ಲಿಂಡ್, ಸ್ಕೂಲಿಗೆ ತಡ ಆಗುತ್ತೆ, ಆಗ್ಲಿ ಬಿಡೋ, ಲೆಕ್ಕದ ಪರೀಕ್ಷೆ ತಪ್ಪುತ್ತೆ, ಅಂದ ಇನ್ನೊಬ್ಬ, ಬಾರೇ ಪುಟ್ಟಾ, ಮಂಜುಗಡ್ಡೆ ಗುದ್ದುತ್ತಿದೆ, ಮೊದ್ಲು ಹೇಳು ಅಮ್ಮ, ಸಂಜೆ ಏನಂತೀಯ, ಆಮೇಲೆ ಹೇಳ್ತೀನಿ ಬಾ, ಆಮೇಲಲ್ಲ, ಈಗ — ಅಂದವಳೇ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು, ಇಲ್ಲಿ ನಿಂತ್ಕೋ ಅಮ್ಮ, ಹೆದ್ರಬೇಡ, ಇಡೀ ಸೇತುವೇಲಿ ಇದೊಂದೇ ಗಟ್ಟಿ, ಅಪ್ಪ ಬಿದ್ಮೇಲೆ ಹಾಕಿದ್ದು — ಇದೊಂದೇ ಗಟ್ಟಿ, ಹಾಗಾದರೆ ಉಳಿದದ್ದು, ಹಿಂದೆ ಬೂದು, ಮುಂದೆ ಬೂದು, ಹಳದಿಯನ್ನು ಹಾರಿದ ಮಕ್ಕಳು ದಿನವೂ ದೊಪ್ಪನೆ ಇಳಿಯುವುದು ಆ ಬೂದಿನ ಮೇಲೆ, ಒಂದೊಂದು ಹಲಗೆ ಹಳದಿಯಾಗಲು ಒಬ್ಬೊಬ್ಬರು ಬೇಕೇನು, ಕೆಡವಿ ಅಂತೀನಿ ಪುಟ್ಟಾ, ಅಂದಳು, ತನ್ನ ದನಿ ತನಗೇ ದೂರದಿಂದ ಕೇಳಿತು, ಮಾರ್ಲಿಸ್ ಅಳಲಿಲ್ಲ, ಬಿಟ್ಟ ಜಾಗಕ್ಕೆ ಮೆಲ್ಲಗೆ ಕಾಲು ಸರಿಸಿಕೊಂಡಳು, ನಟ್ಟನಡುವೆ, ಅಮ್ಮನಿಗೆ ಒಂದು ಹೆಜ್ಜೆಯಗಲವೂ ಉಳಿಯದ ಹಾಗೆ, ವರ್ನಾ ಬೂದು ಹಲಗೆಯ ಮೇಲೆಯೇ ಉಳಿದಳು, ಮಂಜುಗಡ್ಡೆ ಗುದ್ದಿತು, ಕಂಬಿ ನಡುಗಿತು, ಹಳದಿ ಹಲಗೆ, ಅದರ ಮೇಲೆ ಎರಡು ಪುಟ್ಟ ಬೂಟು, ಹಳದಿ ಹಲಗೆ, ಎರಡು ಪುಟ್ಟ ಬೂಟು, ಹಳದಿ —