ಬಾಲಪ್ಪನ ಕೊರಕಲು

ಹಾರೆ ಮತ್ತೆ ಠಣ್ಣೆಂದು ಪುಟಿಯಿತು. ಬಾಲಪ್ಪನ ಜೊತೆ ಗಣಿಯಲ್ಲಿ ದುಡಿದಿದ್ದ ಥಾವರಪ್ಪ ಅಂಗೈಗೆ ಉಗುಳಿಕೊಂಡು ಇನ್ನೊಂದು ಏಟು ಹಾಕಿದ. ಚಿರೆಕಲ್ಲಿನ ಚಕ್ಕೆಯೊಂದು ಹಾರಿ ಅವನ ಮೊಣಕಾಲಿಗೇ ಬಡಿಯಿತು.

"ಇದು ನೆಲ ಅಲ್ಲೋ ತಮ್ಮಾ, ಕಬ್ಬಿಣದ ಹಂಚು. ಮುಂಜಾನಿಂದ ಗೇಣು ಇಳಿದಿಲ್ಲ. ಇದರಾಗ ಬಾಲಪ್ಪನ್ನ ಕುಂದ್ರಸೋದು ಹ್ಯಾಂಗ?"

ಮಾಂತೇಶ ಮುಗಿಲು ನೋಡಿದ. ಬಾಲಪ್ಪನ ಅಕ್ಕನ ಮಗ ಅವನು. ವಾಸ್ಕೋದಲ್ಲಿದ್ದುಕೊಂಡು ಮುರ್ಮುಗಾಂವ್ ಬಂದರಿನಲ್ಲಿ ದುಡಿಯುವವನು, ಸುದ್ದಿ ತಿಳಿದು ರಜೆ ಹಾಕಿ ಗೋವಾದ ಒಳಗಿನ ಈ ಕುಡಚಡೆಗೆ ರೈಲಿನಲ್ಲಿ ಬಂದಿದ್ದ. ಬಂಧುಗಳ ಪೈಕಿ ಬಂದವನು ಅವನೊಬ್ಬನೇ.

"ಊರ ಸ್ಮಶಾನಕ್ಕ ಒಯ್ದು ಸುಟ್ಟರ ಮುಗೀತಿತ್ತು. ಅತ್ತಿ ಒಲ್ಲೆ ಅಂತಾಳ."

"ನಮ್ಮ ಮಂದ್ಯಾಗ ಯಾರನ್ನ ಸುಟ್ಟಾರೋ ಹೇಳು! ಕುಂದ್ರಿಸಿ ಮಣ್ಣು ಕೊಡೋದು ನಮ್ಮ ಪದ್ಧತಿ." ಗುಡಿಸಲಿನ ಒಳಗಿಂದ ಹುಲಿಗೆವ್ವನ ದನಿ ಬಂತು. ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಹೆಣದ ಪಕ್ಕ ಅವಳು ಕೂತಿದ್ದಳು. ಅಳುವುದಕ್ಕೆ ಬೇರೆ ಹೆಂಗಸರಿಲ್ಲ. ಹಾಗಾಗಿ ತಾನೇ ಅಳುವುದು, ಯಾರಾದರೂ ಏನಾದರೂ ಅಂದರೆ ಅಳು ನಿಲ್ಲಿಸಿ ಉತ್ತರ ಕೊಡುವುದು, ಮತ್ತೆ ಅಳುವುದು.

ಅಷ್ಟರಲ್ಲಿ ಗುಡ್ಡದ ಯಜಮಾನ ಶಾಣು ವೇಳಿಪ ಒಂದು ಹೂವಿನ ಹಾರ ಹಿಡಿದು ಬಂದ. ಬಾಲಪ್ಪ ಕಾಯುತ್ತಿದ್ದ ಎಮ್ಮೆಗಳು ಇವನವೇ. ಚಪ್ಪಲಿ ಹೊರಗೆ ಬಿಟ್ಟು, ಹಾರ ಹಾಕಿ, ಹೊರಗೆ ಬಂದು ಅರೆಬರೆ ತೋಡಿದ ಕುಣಿಯನ್ನು ನೋಡಿದ.

"ವೈರ್ ಮಣ್ಣು ನಾ ಬಾಯೆ, ಮ್ಯಾಲೆ ಬರೇ ಕಲ್ಲು. ಮಣ್ಣು ಬೇಕಂದ್ರ ಕೆಳಗ ಅಲ್ಲಿ ಐತಿ," ಎಂದು ತನ್ನ ಕೊಂಕಣಿ ಬೆರೆತ ಕನ್ನಡದಲ್ಲಿ ಹೇಳಿ ಇಳಿಜಾರಿನ ಕಡೆ ಕೈ ತೋರಿದ. "ಕೊರಕಲಾಗ."

ಒಳಗಿನ ಅಳು ಥಟ್ಟನೆ ನಿಂತಿತು. ಹುಲಿಗೆವ್ವ ಬಾಗಿಲಿಗೆ ಬಂದಳು.

"ಬದುಕಿದ್ದಾಗೂ ಆಕೀ ಮಗ್ಗಲದಾಗ ಬಿದ್ದಿದ್ದ. ಸತ್ತ ಮ್ಯಾಗೂ ನನ್ನ ಸವತಿ ಉಡ್ಯಾಗ ಹಾಕ್ತೀರೇನ್ರಿ?"

*

ಗಣಿ ಮುಚ್ಚಿ ಅದಿರಿನ ಲಾರಿಗಳು ನಿಂತ ವರ್ಷ ಬಾಲಪ್ಪನ ಕೆಲಸ ಹೋಗಿತ್ತು. ಬಾದಾಮಿ ಕಡೆಯ ಕುರಿ ಕಾಯುವ ಮನೆತನದವನು. ಕುರಿ ಇಲ್ಲದಿದ್ದರೆ ಎಮ್ಮೆ ಎಂದು ವೇಳಿಪನ ಗುಡ್ಡ ಸೇರಿದ. ಕೆಳಗಿನ ಝರಿಗೆ ನೀರು ಕುಡಿಯಲು ಇಳಿಯುವಾಗ ಎಮ್ಮೆಗಳು ಬಂಡೆಯ ಮೇಲೆ ಜಾರುತ್ತಿದ್ದವು. ಬೇಸಿಗೆಯಲ್ಲಿ ಇವನು ಹಾರೆ ತಗೊಂಡು ಬಂಡೆಯ ಹೊದಿಕೆ ಒಡೆದು ಒಂದು ಇಳಿಜಾರು ದಾರಿ ಮಾಡಿದ. ಮಳೆಗಾಲದ ಮೊದಲು ಮುಚ್ಚಿಬಿಡು ಎಂದು ವೇಳಿಪ ಹೇಳಿದಾಗ ನಕ್ಕಿದ್ದ.

"ಸಾವ್ಕಾರ್ರ, ನಮ್ಮ ಎರಿ ಹೊಲದಾಗ ಕಾಲು ಸಿಗುವಂಥಾ ಬಿರುಕು ಬಿಡತಾವ್ರಿ. ಮಳಿ ಬಿತ್ತಂದ್ರ ನೆಲಾನ ಉಬ್ಬಿ ಬಾಯಿ ಮುಚ್ಚಿಕೊಳ್ಳತೈತಿ."

ಈ ನೆಲ ಉಬ್ಬಲಿಲ್ಲ. ಬಂಡೆಯ ಕೆಳಗಿದ್ದದ್ದು ಬಿಳಿಚಿದ, ಹಿಟ್ಟಿನಂಥ ಮಣ್ಣು. ಹಿಡಿದರೆ ಮುದ್ದೆ ಆಗದು, ಬಿಟ್ಟರೆ ನಿಲ್ಲದು. ಕಲ್ಲಿನಲ್ಲಿ ಇಂಗದ ನೀರೆಲ್ಲ ಎಮ್ಮೆ ತುಳಿದ ಜಾಡು ಹಿಡಿದು ಅಲ್ಲಿಗೇ ನುಗ್ಗಿತು. ಮೇಲೆ ಹುಲ್ಲು ಹಸಿರಾಗಿಯೇ ಇತ್ತು. ಕೆಳಗೆ ಮಣ್ಣು ಕರಗಿ ಟೊಳ್ಳಾಗುತ್ತಿತ್ತು. ಒಂದು ಬೆಳಿಗ್ಗೆ ಗಬ್ಬದ ಎಮ್ಮೆಯೊಂದು ನಿಂತ ಜಾಗದ ಸಮೇತ ಕುಸಿದು ಸತ್ತಿತು, ದಾರಿಯಿದ್ದಲ್ಲಿ ಕೊರಕಲು ಬಾಯಿಬಿಟ್ಟಿತ್ತು.

ವೇಳಿಪ ಬಂದು ನೋಡಿ, ಉಳಿದ ಎಮ್ಮೆಗಳನ್ನು ತಾನೇ ಕೊಟ್ಟಿಗೆಗೆ ಹೊಡೆದುಕೊಂಡು ಹೋದ. ಬೈದಿದ್ದರೆ ಬಾಲಪ್ಪ ಹಗುರಾಗುತ್ತಿದ್ದನೇನೋ.

ಅಲ್ಲಿಂದ ಮುಂದೆ ಅವನ ಆಯುಷ್ಯವೆಲ್ಲ ಆ ಕೊರಕಲಿಗೆ. ಅಡ್ಡಡ್ಡ ಕಲ್ಲು ಪೇರಿಸುವುದು, ಹಿಂದೆ ಮುಳ್ಳಿನ ಕಂಟಿ ತುಂಬುವುದು, ಲಾವಂಚ ನೆಡುವುದು. ಮಳೆಗಾಲದಲ್ಲಿ ಕಾಯಬೇಕು, ಬೇಸಿಗೆಯಲ್ಲಿ ರಿಪೇರಿ ಮಾಡಬೇಕು. ಊರಿಗೆ ಹೋಗುವುದು ಯಾವಾಗ? ತಮ್ಮ ಸತ್ತಾಗ ಮಣ್ಣಿಗೆ ಹೋಗಲಿಲ್ಲ. ಮಾಂತೇಶನ ಮದುವೆಗೂ ಹೋಗಲಿಲ್ಲ. ಆಮೇಲೆ ಊರಿನವರು ಕರೆಯುವುದನ್ನೂ ಬಿಟ್ಟರು.

"ನನ್ನ ಜೋಡಿ ಎರಡು ಮಾತಾಡಾಕ ಪುರಸತ್ತಿಲ್ಲ. ಆ ಸವತಿ ಮುಂದ ಮಾತ್ರ ದಿನಾ ಹೋಗಿ ಕುಂದ್ರತೀ," ಎಂದು ಹುಲಿಗೆವ್ವ ಕೂಗಾಡಿದರೆ ಅವನದು ಒಂದೇ ಮಾತು:

"ಆಕೀನ್ನ ಬಿಟ್ಟು ನಿನ್ನ ಕಡೆ ಬಂದ್ರ, ನನ್ನ ಹಿಂದ ಆಕೀನೂ ಮನೀ ತನಕಾ ಬರ್ತಾಳ."

*

"ನೋಡಿಯರ ಬಾರವ್ವಾ," ಎಂದ ಥಾವರಪ್ಪ. "ಒಲ್ಲೆ ಅಂದ್ರ ಬ್ಯಾಡ."

ಹುಲಿಗೆವ್ವ ಆ ಕಡೆ ಕಾಲಿಟ್ಟು ವರ್ಷಗಳಾಗಿದ್ದವು. ಇಳಿದು ನೋಡಿದರೆ, ಪ್ರತಿ ಕಲ್ಲಿನ ಸಾಲಿನ ಹಿಂದೆ ಮಣ್ಣು ತುಂಬಿ, ಮೆಟ್ಟಿಲು ಮೆಟ್ಟಿಲಾಗಿ ಹುಲ್ಲು ಬೆಳೆದಿತ್ತು. ಥಾವರಪ್ಪ ಸಲಿಕೆ ಊರಿದ. ತಡೆಯೇ ಇಲ್ಲದೆ ಹಿಡಿಯವರೆಗೂ ಇಳಿಯಿತು. ಎಲೆ, ಸಗಣಿ, ಬೇರು ಎಲ್ಲ ಕೊಳೆತು ಬೆರೆತ ಕಪ್ಪು ಮಣ್ಣು. ಹುಲಿಗೆವ್ವ ಒಂದು ಹಿಡಿ ತಗೊಂಡು ಹಿಸುಕಿದಳು. ಬೆರಳಿನ ಗುರುತು ಉಳಿಸಿಕೊಂಡು ಅದು ಹಾಗೇ ಮುದ್ದೆಯಾಗಿ ನಿಂತಿತು. ತೆಗೆದ ಜಾಗದಲ್ಲೇ ಅದನ್ನು ಮೆಲ್ಲಗೆ ಇಟ್ಟಳು.

"ಆಳ ತಗೀರಿ," ಎಂದಳು ಕಡೆಗೆ. "ಮಾರಿ ಮನೀ ಕಡೆ ಮಾಡಿ ಕುಂದ್ರಸ್ರಿ. ಇನ್ನ ಮ್ಯಾಲರ ನನ್ನ ಕಡೆ ನೋಡಲಿ."

ಥಾವರಪ್ಪನಿಗೆ ನಗು ಬಂತು, ಕೆಮ್ಮಿದಂತೆ ಮಾಡಿದ.

ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಬಿಗಿದು ಬಾಲಪ್ಪನನ್ನು ಕೂರಿಸಿದರು. ಹೊರಲು ಇದ್ದವರು ಮೂವರು ಗಂಡಸರು. ಯಾರನ್ನಾದರೂ ಕರೆತರಲೇ ಎಂದು ಮಾಂತೇಶ ಸುತ್ತ ನೋಡುತ್ತಿರುವಾಗ ಹುಲಿಗೆವ್ವ ಸೆರಗು ಬಿಗಿದು ನಾಲ್ಕನೇ ತುದಿಗೆ ಹೆಗಲು ಕೊಟ್ಟಳು. ಒಬ್ಬೊಬ್ಬರು ಒಂದೊಂದು ಹಿಡಿ ಮಣ್ಣು ಕೊಡುವುದು ಬೇಗ ಮುಗಿದುಹೋಯಿತು. ವೇಳಿಪ ತನ್ನ ಸರದಿ ಮುಗಿದ ಮೇಲೂ ಬಗ್ಗಿ ಇನ್ನೊಂದು ಹಿಡಿ ಹಾಕಿದ.

"ಅತ್ತಿ, ನನ್ನ ಜೋಡಿ ವಾಸ್ಕೋಕ ಬಾ. ಇಲ್ಲಿ ಒಬ್ಬಾಕಿ ಏನ್ಮಾಡ್ತೀ?"

"ಎಮ್ಮಿ ಹಿಂಡಬೇಕು. ನಾಳಿ ನೋಡೋಣು. ನಿನ್ನ ರೈಲು ತಪ್ಪತೈತಿ, ನಡಿ."

ಗಂಡಸರು ಮೂವರೂ ಗುಡ್ಡದ ತಿರುವು ದಾಟುವಷ್ಟರಲ್ಲಿ ಮಳೆ ಬಂತು. ಮೇಲಿನ ಬಂಡೆಯಿಂದ ಕೆಂಪು ನೀರು ಇಳಿದು, ಕಲ್ಲಿನ ಸಾಲಿಗೆ ಬಡಿದು, ಸಂದುಗಳಲ್ಲಿ ಹುಡುಕಾಡತೊಡಗಿತು. ಹೊಸ ಮಣ್ಣಿನ ಮೇಲೆ ನಾಲ್ವರು ತುಳಿದ ಹೆಜ್ಜೆಗಳಿದ್ದವು. ಒಂದೊಂದರಲ್ಲೂ ನೀರು ನಿಲ್ಲುತ್ತಿತ್ತು, ತುಂಬಿ, ಆಗ ಎಮ್ಮೆಯ ಜಾಡು ಹಿಡಿದ ಹಾಗೆಯೇ, ಪಕ್ಕದ ಹೆಜ್ಜೆಗೆ ದಾರಿ ಮಾಡಿಕೊಳ್ಳುತ್ತಿತ್ತು. ಹುಲಿಗೆವ್ವ ಮೊಣಕಾಲೂರಿ ಕೂತು, ರೊಟ್ಟಿ ಬಡಿದ ಹಾಗೆ ಎರಡೂ ಅಂಗೈಯಿಂದ ಒಂದೊಂದನ್ನೇ ತಟ್ಟಿ ಮುಚ್ಚಿದಳು. ಮಾಂತೇಶನ ಬೂಟಿನದು ಹೋಯಿತು, ಥಾವರಪ್ಪನದು ಹೋಯಿತು, ವೇಳಿಪನದೂ ಹೋಯಿತು. ಹಿಂದಕ್ಕೆ ಸರಿದಳು. ಈಗಷ್ಟೇ ಸಪಾಟು ಮಾಡಿದ ಮಣ್ಣಿನಲ್ಲಿ ಅವಳದೇ ಮೊಣಕಾಲಿನ ಎರಡು ಗುಂಡಿ ಬಿದ್ದಿದ್ದವು. ಅವನ್ನು ಮುಚ್ಚಲು ಮುಂದೆ ಬಗ್ಗಿದಳು. ಅಲ್ಲಿ ಮತ್ತೆರಡು ಬಿದ್ದವು.